ತಲೆಗೆ ಗುಂಡು ಬಿದ್ದ ಪೊಲೀಸ್, ತೀರದ ಸೇಡು: ಹೈಲ್‌ಬ್ರಾನ್ ಪ್ರಕರಣ

ಗಾಯಗೊಂಡ ಪತ್ತೇದಾರ ಸೇಡಿಗೆ ಹೊರಡುವ ಕಥೆ ಜರ್ಮನ್ ಥ್ರಿಲ್ಲರ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗುಂಡು ತಿಂದವನು ಆಸ್ಪತ್ರೆ ಮಂಚದಿಂದ ಏಳುತ್ತಾನೆ. ಇಲಾಖೆ ಬೇಡ ಅನ್ನುತ್ತದೆ, ಹೆಂಡತಿ ಬೇಡ ಅನ್ನುತ್ತಾಳೆ, ಅವನು ಕೇಳುವುದಿಲ್ಲ. ಗುಂಡು ಹಾರಿಸಿದವನ ಮುಖ ಅವನ ಕಣ್ಣಮುಂದೆ ಕಟ್ಟಿದ ಹಾಗೆ ಇದೆ. ಆ ಮುಖದ ಬೆನ್ನು ಹತ್ತಿ ಹೋಗುತ್ತಾನೆ, ಕೊನೆಗೆ ಎದುರಾಎದುರು ನಿಲ್ಲುತ್ತಾನೆ. ಜರ್ಮನರು ಇಂಥ ಅಪರಾಧದ ಕಥೆಗಳಿಗೆ 'ಕ್ರಿಮಿ' ಅನ್ನುತ್ತಾರೆ. ನಮ್ಮ ಕಿವಿಗೆ ಅದು ಹುಳ ಅಂತಲೇ ಕೇಳಿಸುತ್ತದೆ, ತಲೆಗೆ ಹುಳ ಬಿಡುವುದಂತೂ ನಿಜ, ಒಮ್ಮೆ ಶುರು ಮಾಡಿದರೆ ರಾತ್ರಿ ಎರಡಾದರೂ ಮಲಗಲು ಬಿಡುವುದಿಲ್ಲ.

ನನಗೂ ಇವು ತುಂಬಾ ಇಷ್ಟ. ಆದರೆ ಜರ್ಮನಿಯಲ್ಲೇ ನಡೆದ ಒಂದು ನಿಜವಾದ ಪ್ರಕರಣವನ್ನು ಓದಿದ ಮೇಲೆ ಈ ಕಥೆಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಅಲ್ಲೂ ತಲೆಗೆ ಗುಂಡು ಬಿದ್ದು ಬದುಕಿ ಉಳಿದ ಒಬ್ಬ ಪೊಲೀಸ್ ಇದ್ದಾನೆ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಸತ್ತಿದ್ದಾಳೆ. ಅವನ ಪಿಸ್ತೂಲನ್ನೂ ಕಿತ್ತುಕೊಂಡು ಹೋಗಿದ್ದಾರೆ. ಸೇಡಿನ ಕಥೆಗೆ ಬೇಕಾದ್ದೆಲ್ಲ ಇದೆ. ಆದರೂ ಸೇಡು ತೀರಿಸಿಕೊಳ್ಳಲು ಯಾರಿಂದಲೂ ಆಗಲಿಲ್ಲ. ಯಾಕೆ ಆಗಲಿಲ್ಲ, ಅದರ ಜಾಗದಲ್ಲಿ ಏನಾಯಿತು ಅನ್ನುವುದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಬದುಕಿ ಉಳಿದ ಆ ಪೊಲೀಸ್ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ.

2007ರ ಏಪ್ರಿಲ್ 25. ಜರ್ಮನಿಯ ನೈಋತ್ಯದಲ್ಲಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಹೈಲ್‌ಬ್ರಾನ್ ಪಟ್ಟಣ. ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ, ನೆಕರ್ ನದಿಯ ಪಕ್ಕ, ಟೆರೇಸಿಯನ್‌ವೀಸೆ ಅಂತ ಒಂದು ದೊಡ್ಡ ಬಯಲು. ಸಾಮಾನ್ಯ ದಿನಗಳಲ್ಲಿ ಕಾರು ನಿಲ್ಲಿಸುವ ಜಾಗ, ಹಬ್ಬದ ದಿನಗಳಲ್ಲಿ ಜಾತ್ರೆ ಮೈದಾನ. ಅವತ್ತು ವಸಂತದ ಜಾತ್ರೆಗೆ ತೊಟ್ಟಿಲು, ಅಂಗಡಿ ಕಟ್ಟುತ್ತಿದ್ದರು, ಜನ ಓಡಾಡುತ್ತಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಒಂದು ಬಿಎಂಡಬ್ಲ್ಯು ಗಸ್ತು ಕಾರು ಬಂದು ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇರುವ ಸಣ್ಣ ಕಟ್ಟಡದ ನೆರಳಲ್ಲಿ ನಿಂತಿತು. ಊಟದ ವಿರಾಮ. ಡ್ರೈವರ್ ಸೀಟಿನಲ್ಲಿ 22 ವರ್ಷದ ಮಿಷೆಲ್ ಕೀಸೆವೆಟರ್, ಪಕ್ಕದಲ್ಲಿ ಅವಳ 24 ವರ್ಷದ ಸಹೋದ್ಯೋಗಿ. ಇಬ್ಬರೂ ಪತ್ತೇದಾರರಲ್ಲ, ಬ್ಯೋಬ್ಲಿಂಗನ್ ಊರಿನ ಮೀಸಲು ಪಡೆಯ ಸಮವಸ್ತ್ರದ ಪೊಲೀಸರು. ಮಿಷೆಲ್‌ಗೆ ಆ ದಿನ ನಿಜವಾಗಿ ರಜೆ ಇತ್ತು, ತಾನಾಗಿಯೇ ಕೆಲಸಕ್ಕೆ ಬರುತ್ತೇನೆ ಅಂದಿದ್ದಳು. ಈ ಸಾಲು ಬಂದಾಗಲೆಲ್ಲ ನನಗೆ ಮುಂದೆ ಓದಲು ಒಂದು ಕ್ಷಣ ಬೇಕಾಗುತ್ತದೆ.

ಇಬ್ಬರು ಕಾರಿನ ಎರಡೂ ಬದಿಯಿಂದ ಬಂದರು. ಎರಡು ಬೇರೆ ಬೇರೆ ಪಿಸ್ತೂಲು. ತೀರಾ ಹತ್ತಿರದಿಂದ, ತಲೆಗೇ ಗುರಿ. ಮಿಷೆಲ್ ಅಲ್ಲೇ ಸತ್ತಳು. ಸಹೋದ್ಯೋಗಿಯ ತಲೆಗೂ ಗುಂಡು ಹೊಕ್ಕಿತ್ತು, ಆದರೂ ಉಸಿರಿತ್ತು. ಬಂದವರು ಇಬ್ಬರ ಸರ್ಕಾರಿ ಪಿಸ್ತೂಲುಗಳನ್ನೂ ಕೈಕೋಳ ಮುಂತಾದ ಸಣ್ಣಪುಟ್ಟ ಸಾಮಾನನ್ನೂ ಕಿತ್ತುಕೊಂಡು ಹೋದರು. ಸೈಕಲ್‌ನಲ್ಲಿ ಹೋಗುತ್ತಿದ್ದ ಒಬ್ಬರು ಕಾರಿನ ಬಾಗಿಲು ತೆರೆದಿರುವುದನ್ನು, ಇಬ್ಬರು ಬಿದ್ದಿರುವುದನ್ನು ಕಂಡು ರೈಲು ನಿಲ್ದಾಣದ ಕಡೆ ಧಾವಿಸಿದರು. ಅಲ್ಲಿ ಒಬ್ಬ ಟ್ಯಾಕ್ಸಿ ಚಾಲಕ ಪೊಲೀಸರಿಗೆ ಫೋನ್ ಮಾಡಿದ.

ಬದುಕಿ ಉಳಿದವನು ವಾರಗಟ್ಟಲೆ ಕೋಮಾದಲ್ಲಿದ್ದ. ಎಚ್ಚರವಾದಾಗ ಆ ಕ್ಷಣದ ನೆನಪೇ ಇರಲಿಲ್ಲ. ಥ್ರಿಲ್ಲರ್ ಮುರಿದು ಬೀಳುವುದು ಇಲ್ಲಿಯೇ. ಸೇಡಿಗೆ ಮೊದಲು ಒಂದು ಮುಖ ಬೇಕು ಅಲ್ವಾ? ಇವನ ತಲೆಯಲ್ಲಿ ಮುಖ ಇರಲಿಲ್ಲ. ಗುಂಡು ಮುಟ್ಟಿದ್ದು ಅವನ ಮೈಯನ್ನು ಮಾತ್ರ ಅಲ್ಲ, ಅವನ ಜೀವನದ ಅತಿ ಮುಖ್ಯವಾದ ಕೆಲವು ನಿಮಿಷಗಳನ್ನೇ ಅಳಿಸಿ ಹಾಕಿತ್ತು. ಸ್ವಂತ ಪ್ರಕರಣದಲ್ಲಿ ಅವನು ಸಾಕ್ಷಿ ಆಗಬಹುದು, ತನಿಖಾಧಿಕಾರಿ ಆಗುವ ಹಾಗಿಲ್ಲ. ಅವನೋ ಏನೂ ನೆನಪಿಲ್ಲದ ಸಾಕ್ಷಿ.

ಮುಂದೆ ವೈದ್ಯರ ನೆರವು, ಸಂಮೋಹನ ಎಲ್ಲ ಪ್ರಯತ್ನಿಸಿ ಒಂದು ಮುಖದ ಚಿತ್ರವನ್ನೂ ಬರೆಸಿದರು. ಆದರೆ ಪ್ರಾಸಿಕ್ಯೂಷನ್ ಅದನ್ನು ಜನರ ಮುಂದೆ ಇಡಲಿಲ್ಲ. ಇಷ್ಟು ದೊಡ್ಡ ತಲೆ ಗಾಯ ಆದವನಿಗೆ ಬರುವ ನೆನಪು ನಿಜವಾಗಿ ಕಂಡದ್ದೋ ಅಥವಾ ಆಮೇಲೆ ಕೇಳಿ ಓದಿ ಕೂಡಿಕೊಂಡದ್ದೋ ಅಂತ ಹೇಳುವುದು ಕಷ್ಟ ಅನ್ನುವುದು ಕಾರಣ. ಇದನ್ನು ಟೀಕಿಸಿದವರು ಜಾಸ್ತಿ. ನನಗೆ ಮಾತ್ರ ಆ ಅನುಮಾನ ಸರಿ ಅನ್ನಿಸುತ್ತದೆ. ತಪ್ಪು ಮುಖ ಒಂದು ಗೋಡೆಗೆ ಅಂಟಿದರೆ ಏನಾಗುತ್ತದೆ ಅನ್ನುವುದಕ್ಕೆ ಇದೇ ಪ್ರಕರಣದಲ್ಲಿ ಇನ್ನೊಂದು ಉದಾಹರಣೆ ಇದೆ, ಅದು ಇದಕ್ಕಿಂತ ನೂರು ಪಾಲು ದೊಡ್ಡದು.

ತನಿಖೆಗೆ ಕೂತ ವಿಶೇಷ ತಂಡಕ್ಕೆ 'ಪಾರ್ಕ್‌ಪ್ಲಾಟ್ಸ್' ಅಂತ ಹೆಸರಿಟ್ಟಿದ್ದರು, ಅಂದರೆ ವಾಹನ ನಿಲ್ಲಿಸುವ ಜಾಗ. ಗಸ್ತು ಕಾರಿನಿಂದ ಹತ್ತಿ ಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿಗಳಲ್ಲಿ ಒಬ್ಬ ಹೆಂಗಸಿನ ಡಿಎನ್‌ಎ ಸಿಕ್ಕಿತು. ಅದನ್ನು ಹಳೆಯ ದಾಖಲೆಗೆ ಹೋಲಿಸಿದಾಗ ಎಲ್ಲರೂ ಬೆಚ್ಚಿಬಿದ್ದರು. ಅದೇ ಡಿಎನ್‌ಎ 1993ರಲ್ಲಿ ಇಡಾರ್-ಒಬರ್‌ಸ್ಟೈನ್‌ನಲ್ಲಿ ಕೊಲೆಯಾದ ಒಬ್ಬ ವೃದ್ಧೆಯ ಮನೆಯ ಚಹಾ ಕಪ್ಪಿನ ಮೇಲಿತ್ತು. 2001ರಲ್ಲಿ ಫ್ರೈಬುರ್ಗ್‌ನ ಕೊಲೆಯೊಂದರಲ್ಲಿ ಇತ್ತು. ಒಂದು ಹೆರಾಯಿನ್ ಸಿರಿಂಜ್ ಮೇಲೆ, ಕದ್ದು ನುಗ್ಗಿದ ಒಂದು ಕ್ಯಾರವಾನಿನಲ್ಲಿ ಅರ್ಧ ತಿಂದು ಬಿಟ್ಟ ಬಿಸ್ಕತ್ತಿನ ಮೇಲೆ, ಫ್ರಾನ್ಸ್‌ನ ದರೋಡೆಯೊಂದರ ಆಟಿಕೆ ಪಿಸ್ತೂಲಿನ ಮೇಲೆ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಸೇರಿ ಸುಮಾರು 40 ಜಾಗ. ಕೊಲೆಯನ್ನೂ ಮಾಡುವ, ಚಿಲ್ಲರೆ ಕಳ್ಳತನವನ್ನೂ ಮಾಡುವ, ಒಬ್ಬರ ಕಣ್ಣಿಗೂ ಬೀಳದ ಹೆಂಗಸು. ಪತ್ರಿಕೆಗಳು ಅವಳನ್ನು ಮುಖವಿಲ್ಲದ ಹೆಂಗಸು ಅಂದವು, ಹೈಲ್‌ಬ್ರಾನ್ ಭೂತ ಅಂದವು. ಅವಳ ಸುಳಿವಿಗೆ ಬಹುಮಾನ 3 ಲಕ್ಷ ಯೂರೋವರೆಗೆ ಏರಿತು.

ಜೊತೆಗೆ ಇನ್ನೊಂದು ಅನ್ಯಾಯ ನಡೆಯಿತು. ಜಾತ್ರೆ ಮೈದಾನದಲ್ಲಿ ಸಿಂಟಿ ಮತ್ತು ರೋಮಾ ಸಮುದಾಯದ ಕುಟುಂಬಗಳೂ ಇದ್ದವು. ಊರಿಂದ ಊರಿಗೆ ಹೋಗುವವರು, ಹಾಗಾಗಿ ಅನುಮಾನ ಸುಲಭವಾಗಿ ಅವರ ಮೇಲೆ ಬಿತ್ತು. ನಾಜಿಗಳ ಕಾಲದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡ ಸಮುದಾಯ ಇದು. ಜರ್ಮನ್ ಸಿಂಟಿ ಮತ್ತು ರೋಮಾ ಕೇಂದ್ರ ಮಂಡಳಿ ಗಟ್ಟಿಯಾಗಿ ಪ್ರತಿಭಟಿಸಿತು. ಒಬ್ಬ ಹೆಂಗಸಿನ ಡಿಎನ್‌ಎ ಕೈಯಲ್ಲಿದೆ ಅಂದ ಮಾತ್ರಕ್ಕೆ ಇಡೀ ಸಮುದಾಯವನ್ನು ಜಾಲಾಡುವುದು ಯಾವ ನ್ಯಾಯ?

ಭೂತ ಬಿಡಿಸಿದ್ದು ಒಂದು ಸುಟ್ಟ ಹೆಣ. ಫ್ರಾನ್ಸ್‌ನಲ್ಲಿ ಸಿಕ್ಕ ಆ ಹೆಣ ಯಾರದು ಅಂತ ತಿಳಿಯಲು, ಆಶ್ರಯ ಕೋರಿ ಬಂದಿದ್ದ ಒಬ್ಬ ಗಂಡಸು ಹಿಂದೆ ಕೊಟ್ಟಿದ್ದ ಬೆರಳಚ್ಚಿನ ಕಾಗದದಿಂದ ಡಿಎನ್‌ಎ ತೆಗೆದರು. ಬಂದದ್ದು ಹೆಂಗಸಿನ ಡಿಎನ್‌ಎ, ಅದೂ ಅದೇ ಹೆಂಗಸಿನದು! ಬೇರೆ ಕಡ್ಡಿಯಲ್ಲಿ ಮತ್ತೆ ಪರೀಕ್ಷೆ ಮಾಡಿದರೆ ಅವಳು ಇಲ್ಲವೇ ಇಲ್ಲ. 2009ರ ಮಾರ್ಚ್‌ನಲ್ಲಿ ಅಧಿಕಾರಿಗಳು ಒಪ್ಪಿಕೊಂಡರು. ಅಂಥ ಹೆಂಗಸು ಯಾವತ್ತೂ ಇರಲಿಲ್ಲ. ಇದ್ದದ್ದು ಹತ್ತಿ ಕಡ್ಡಿಗಳನ್ನು ಪ್ಯಾಕ್ ಮಾಡುವ ಕೆಲಸದ ಒಬ್ಬ ಹೆಣ್ಣುಮಗಳು. ಅವಳ ಡಿಎನ್‌ಎ ಕಡ್ಡಿಗೆ ಅಂಟಿತ್ತು, ಕಡ್ಡಿ ಹೋದ ಕಡೆಯೆಲ್ಲ ಅದೂ ಹೋಗಿತ್ತು.

ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ, ಸ್ವಲ್ಪ ನಿಂತು ಹೇಳಲೇಬೇಕು. ಆ ಕಡ್ಡಿಗಳನ್ನು ಕ್ರಿಮಿಶುದ್ಧ ಮಾಡಿಯೇ ಇದ್ದರು. ಆದರೆ ಕ್ರಿಮಿಶುದ್ಧ ಅಂದರೆ ಡಿಎನ್‌ಎ ಇಲ್ಲ ಅಂತ ಅರ್ಥ ಅಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಚರ್ಮದ ಒಂದು ಕಣದಲ್ಲಿರುವ ಡಿಎನ್‌ಎ ಉಳಿದುಕೊಳ್ಳುತ್ತದೆ. ಗಾಯ ಒರೆಸಲು ಅಂಥ ಕಡ್ಡಿ ಸಾಕು, ಕೊಲೆ ಪತ್ತೆಗೆ ಸಾಲದು. 2016ರಲ್ಲಿ ಇದಕ್ಕೆಂದೇ ಐಎಸ್ಒ 18385 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂತು, ಅಪರಾಧ ಪ್ರಯೋಗಾಲಯದ ಸಾಮಾನಿನಲ್ಲಿ ಮನುಷ್ಯರ ಡಿಎನ್‌ಎ ಉಳಿಯದಂತೆ ಹೇಗೆ ತಯಾರಿಸಬೇಕು ಅನ್ನುವುದು ಅದರಲ್ಲಿದೆ. ಹಾಗೇ ಇನ್ನೊಂದು ಸುಳಿವು ಕಣ್ಣೆದುರೇ ಇತ್ತು. ಬವೇರಿಯಾ ಪೊಲೀಸರು ಬೇರೆ ಕಡ್ಡಿ ಬಳಸುತ್ತಿದ್ದರು. ಅಕ್ಕಪಕ್ಕದ ನಾಡುಗಳಲ್ಲೆಲ್ಲ ತಿರುಗಾಡುತ್ತಿದ್ದ ಆ ಹೆಂಗಸು ಬವೇರಿಯಾಕ್ಕೆ ಮಾತ್ರ ಕಾಲಿಟ್ಟಿರಲಿಲ್ಲ.

ಈ ಭಾಗವನ್ನು ಜನ ಸಾಮಾನ್ಯವಾಗಿ ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಆಸ್ಪತ್ರೆಯಿಂದ ಎದ್ದು ನಡೆಯುವುದನ್ನು ಮತ್ತೆ ಕಲಿಯುತ್ತಿರುವ ಒಬ್ಬ ಹುಡುಗನಿಗೆ ಸುಮಾರು ಎರಡು ವರ್ಷ, ನಿನ್ನನ್ನು ಹೀಗೆ ಮಾಡಿದ ಜಾಗದಲ್ಲಿ ಇವಳಿದ್ದಳು ಅಂತ ಇಡೀ ದೇಶ ಹೇಳುತ್ತದೆ. ಅವನಿಗೂ ಸೇಡಿನ ಆಸೆ ಇತ್ತೋ ಇಲ್ಲವೋ ಅವನೇ ಹೇಳಬೇಕು. ಇದ್ದಿದ್ದರೆ ಆ ಎರಡು ವರ್ಷ ಅದು ಯಾರ ಕಡೆ ತಿರುಗಿರುತ್ತಿತ್ತು? ಕಾರ್ಖಾನೆಯಲ್ಲಿ ಸುಮ್ನೆ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದ ಒಬ್ಬಳ ಕಡೆ. ಥ್ರಿಲ್ಲರಿನ ನಾಯಕನಿಗೆ ಇರುವ ಆ ಖಾತ್ರಿ, 'ಅವನೇ, ನನಗೆ ಗೊತ್ತು' ಅನ್ನುವ ಖಾತ್ರಿ, ಇಲ್ಲಿ ಮೂರು ದೇಶಗಳ ಪೊಲೀಸರಿಗೆ ಇತ್ತು. ಅವರ ಕೈಯಲ್ಲಿ ಪ್ರಯೋಗಾಲಯದ ಪುರಾವೆಯೂ ಇತ್ತು.

ಇದೇ ಹೊತ್ತಿಗೆ ನಿಜವಾದ ಸುಳಿವು ಒಂದು ಪಟ್ಟಿಯಲ್ಲಿ ಮಲಗಿತ್ತು. ಕೊಲೆ ಆದ ಕೂಡಲೇ ಸುತ್ತಲಿನ ರಸ್ತೆಗಳಲ್ಲಿ ನಾಕಾಬಂದಿ ಹಾಕಿ, ಹೋಗುವ ವಾಹನಗಳ ನಂಬರ್ ಬರೆದುಕೊಂಡಿದ್ದರು. ಸುಮಾರು 20 ಕಿಲೋಮೀಟರ್ ದೂರದ ಒಬರ್‌ಸ್ಟೆನ್‌ಫೆಲ್ಡ್‌ನಲ್ಲಿ, ಗುಂಡು ಹಾರಿ ಅರ್ಧ ಗಂಟೆ ಆದ ಮೇಲೆ, ಒಂದು ಕ್ಯಾಂಪರ್ ವ್ಯಾನಿನ ನಂಬರ್ ಬರೆದಿದ್ದಾರೆ. ದೂರದ ಪೂರ್ವ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಬಾಡಿಗೆಗೆ ಪಡೆದ ವ್ಯಾನು. ಸಾವಿರಾರು ನಂಬರ್‌ಗಳ ನಡುವೆ ಅದೂ ಒಂದು. ಆ ನಂಬರನ್ನು ಅವತ್ತೇ ನೋಡಿದ್ದರೂ ಯಾರಿಗೂ ಏನೂ ಹೊಳೆಯುತ್ತಿರಲಿಲ್ಲ ಅನ್ನುವವರಿದ್ದಾರೆ, ಅದರಲ್ಲೂ ಸ್ವಲ್ಪ ಹುರುಳಿದೆ. ಆದರೆ ಅಷ್ಟು ದೂರದ ಬಾಡಿಗೆ ವ್ಯಾನನ್ನು ಯಾರು ತಗೊಂಡಿದ್ದರು ಅಂತ ಒಂದು ಫೋನ್ ಮಾಡಿ ಕೇಳಬಹುದಿತ್ತು. ಭೂತದ ಹಿಂದೆ ಓಡುವವರಿಗೆ ಪಟ್ಟಿ ಓದಲು ಪುರುಸೊತ್ತು ಇರಲಿಲ್ಲ.

2011ರ ನವೆಂಬರ್ 4. ಐಸೆನಾಕ್ ಊರಲ್ಲಿ ಬ್ಯಾಂಕ್ ದರೋಡೆ. ದರೋಡೆ ಮಾಡಿದವರನ್ನು ಹುಡುಕುತ್ತಾ ಪೊಲೀಸರು ಒಂದು ಕ್ಯಾಂಪರ್ ವ್ಯಾನಿನ ಹತ್ತಿರ ಹೋದರು. ವ್ಯಾನಿಗೆ ಬೆಂಕಿ ಹತ್ತಿಕೊಂಡಿತು. ಒಳಗೆ ಇಬ್ಬರ ಹೆಣ: ಊವೆ ಮುಂಡ್ಲೋಸ್, ಊವೆ ಬ್ಯೋನ್‌ಹಾರ್ಟ್. ಮತ್ತು ಹೈಲ್‌ಬ್ರಾನ್‌ನಲ್ಲಿ ಕಿತ್ತುಕೊಂಡು ಹೋಗಿದ್ದ ಆ ಎರಡು ಪೊಲೀಸ್ ಪಿಸ್ತೂಲು. ನಾಲ್ಕೂವರೆ ವರ್ಷ ಮೂರು ದೇಶ ಜಾಲಾಡಿದರೂ ಸಿಗದವು ದರೋಡೆಕೋರರ ವ್ಯಾನಿನಲ್ಲಿ ಸಿಕ್ಕವು. ಅದೇ ದಿನ ಝ್ವಿಕಾವ್ ಊರಲ್ಲಿ ಅವರ ಜೊತೆಗಾತಿ ಬೆಯಾಟೆ ಚೇಪೆ ಮೂವರೂ ಬದುಕಿದ್ದ ಮನೆಗೆ ಬೆಂಕಿ ಇಟ್ಟು ಓಡಿಹೋದಳು. ನಾಲ್ಕು ದಿನ ಬಿಟ್ಟು ಯೇನಾದಲ್ಲಿ ಶರಣಾದಳು. ಸುಟ್ಟ ಮನೆಯ ಅವಶೇಷದಲ್ಲಿ ಹೈಲ್‌ಬ್ರಾನ್‌ನಲ್ಲಿ ಬಳಸಿದ ಎರಡು ಪಿಸ್ತೂಲುಗಳು ಸಿಕ್ಕವು, ಒಂದು ರಷ್ಯಾದ ತೊಕಾರೆವ್, ಇನ್ನೊಂದು ಪೋಲೆಂಡಿನ ರಾಡೋಮ್. ಮಿಷೆಲ್‌ಳ ರಕ್ತದ ಕಲೆ ಇದ್ದ ಪ್ಯಾಂಟ್ ಕೂಡ.

ಇವರು 1998ರಿಂದ ತಲೆಮರೆಸಿಕೊಂಡಿದ್ದ ನವನಾಜಿಗಳು, ನಾಕಾಬಂದಿ ಪಟ್ಟಿಯಲ್ಲಿದ್ದ ಆ ವ್ಯಾನನ್ನು ಬಾಡಿಗೆಗೆ ಪಡೆದವರೂ ಇವರೇ. ತಮ್ಮ ಗುಂಪನ್ನು ನ್ಯಾಷನಲ್ ಸೋಷಿಯಲಿಸ್ಟ್ ಅಂಡರ್‌ಗ್ರೌಂಡ್, ಚುಟುಕಾಗಿ ಎನ್‌ಎಸ್‌ಯು ಅಂತ ಕರೆದುಕೊಂಡಿದ್ದರು. 2000ದಿಂದ 2006ರವರೆಗೆ ಒಂಬತ್ತು ಜನರನ್ನು ಕೊಂದಿದ್ದರು, ಎಂಟು ಮಂದಿ ಟರ್ಕಿ ಮೂಲದವರು, ಒಬ್ಬರು ಗ್ರೀಸ್ ಮೂಲದವರು. ಮೊದಲಿನವರು ಎನ್ವರ್ ಶಿಂಶೆಕ್, ನ್ಯೂರೆಂಬರ್ಗ್‌ನಲ್ಲಿ ರಸ್ತೆ ಬದಿ ಹೂ ಮಾರುತ್ತಿದ್ದರು. ಹತ್ತನೆಯವಳು ಮಿಷೆಲ್. ಆ ಒಂಬತ್ತು ಮನೆಗಳ ಕಥೆಯೂ ಹೈಲ್‌ಬ್ರಾನ್ ಕಥೆಯ ಹಾಗೆಯೇ ಇದೆ. ಅಲ್ಲೂ ಪೊಲೀಸರಿಗೆ ಖಾತ್ರಿ ಇತ್ತು: ಇದು ಟರ್ಕರ ನಡುವಿನ ಮಾಫಿಯಾ ಜಗಳ, ಮಾದಕ ವಸ್ತು ವ್ಯವಹಾರ, ಕುಟುಂಬದ ಗುಟ್ಟು. ಗಂಡನನ್ನು ಕಳೆದುಕೊಂಡವರನ್ನು, ಅಪ್ಪನನ್ನು ಕಳೆದುಕೊಂಡ ಮಕ್ಕಳನ್ನು ವರ್ಷಗಟ್ಟಲೆ ಅನುಮಾನದಿಂದ ಪ್ರಶ್ನಿಸಿದರು. ಪತ್ರಿಕೆಗಳು ಈ ಸರಣಿಗೆ 'ಡ್ಯೋನರ್ ಕೊಲೆಗಳು' ಅಂತ ಟರ್ಕಿಯ ತಿಂಡಿಯೊಂದರ ಹೆಸರಿಟ್ಟವು. ಜರ್ಮನ್ ಭಾಷಾ ತಜ್ಞರು 2011ರಲ್ಲಿ ಅದನ್ನು ವರ್ಷದ ಅತಿ ಕೆಟ್ಟ ಪದ ಅಂತ ಆರಿಸಿದರು.

ಈಗ ನಮ್ಮ ಪೊಲೀಸ್ ಕಡೆ ಬರೋಣ. ಅವನಿಗೆ ಗುಂಡು ಹಾರಿಸಿದವರ ಹೆಸರು ಕೊನೆಗೂ ಸಿಕ್ಕಿತು, ಸಿಕ್ಕಾಗ ಇಬ್ಬರೂ ಹೆಣ. ಮುಖ ನೆನಪಿಲ್ಲ, ಮನುಷ್ಯರೂ ಇಲ್ಲ. ಉಳಿದದ್ದು ಒಂದೇ ಬಾಗಿಲು, ಅದು ನ್ಯಾಯಾಲಯದ್ದು.

ಜರ್ಮನ್ ಕಾನೂನಿನಲ್ಲಿ 'ನೇಬೆನ್‌ಕ್ಲಾಗೆ' ಅಂತ ಒಂದು ವ್ಯವಸ್ಥೆ ಇದೆ. ಅಕ್ಷರಶಃ ಹೇಳಿದರೆ ಪಕ್ಕದ ದೂರು. ಕೊಲೆಯಾದವರ ಹತ್ತಿರದ ಸಂಬಂಧಿಕರು, ಕೊಲೆ ಪ್ರಯತ್ನದಿಂದ ಬದುಕಿ ಉಳಿದವರು ಸರ್ಕಾರದ ಪ್ರಾಸಿಕ್ಯೂಟರ್ ಪಕ್ಕದಲ್ಲಿ ತಾವೂ ದೂರುದಾರರಾಗಿ ಕೂರಬಹುದು. ಸಾಕ್ಷಿ ಹೇಳಿ ಎದ್ದು ಹೋಗುವ ಕುರ್ಚಿ ಅಲ್ಲ ಅದು, ವಿಚಾರಣೆ ಮುಗಿಯುವವರೆಗೆ ಅವರದ್ದೇ ಕುರ್ಚಿ. ತಮ್ಮ ವಕೀಲರ ಮೂಲಕ ಸಾಕ್ಷಿಗಳನ್ನು ಪ್ರಶ್ನಿಸಬಹುದು, ಕಡತ ನೋಡಬಹುದು, ಹೊಸ ಪುರಾವೆ ತರಿಸಿ ಅಂತ ಕೇಳಬಹುದು, ಕೊನೆಯಲ್ಲಿ ತಮ್ಮ ವಾದ ಹೇಳಬಹುದು, ಆರೋಪಿ ಖುಲಾಸೆಯಾದರೆ ಮೇಲ್ಮನವಿ ಹಾಕಬಹುದು. ಇಂಥ ಗಂಭೀರ ಪ್ರಕರಣಗಳಲ್ಲಿ ನ್ಯಾಯಾಲಯವೇ ಅವರಿಗೆ ವಕೀಲರನ್ನು ನೇಮಿಸುತ್ತದೆ, ಅವರು ಬಡವರೋ ಶ್ರೀಮಂತರೋ ಅಂತ ನೋಡುವುದಿಲ್ಲ. ನಮ್ಮಲ್ಲಿ ಸಂತ್ರಸ್ತರ ವಕೀಲರು ಸರ್ಕಾರಿ ಅಭಿಯೋಜಕರಿಗೆ ನೆರವಾಗುವುದೇ ಜಾಸ್ತಿ, ಹೀಗೆ ಸ್ವಂತ ಹಕ್ಕಿನಿಂದ ಎದ್ದು ಪ್ರಶ್ನೆ ಕೇಳುವುದು ಕಡಿಮೆ. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಮ್ಯೂನಿಕ್‌ನ ಉಚ್ಚ ಪ್ರಾದೇಶಿಕ ನ್ಯಾಯಾಲಯದಲ್ಲಿ 2013ರ ಮೇ 6ರಂದು ವಿಚಾರಣೆ ಶುರುವಾಯಿತು. 90ಕ್ಕೂ ಹೆಚ್ಚು ಜನ ಹೀಗೆ ಪಕ್ಕದ ದೂರುದಾರರಾಗಿದ್ದರು. ತಲೆಗೆ ಗುಂಡು ತಿಂದ ಆ ಪೊಲೀಸ್ ಅವರಲ್ಲಿ ಒಬ್ಬ. ಅವನ ಹಾಗೇ ದೂರುದಾರರಾಗಿ ಹೂ ಮಾರುತ್ತಿದ್ದವರ ಮನೆಯವರು, ಇಂಟರ್ನೆಟ್ ಕೆಫೆ ನಡೆಸುತ್ತಿದ್ದು ಕೊಲೆಯಾದ ಇನ್ನೊಬ್ಬನ ಅಪ್ಪ ಅಮ್ಮ. ಈ ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ವರ್ಷಗಟ್ಟಲೆ ಪೊಲೀಸರಿಂದಲೇ ಅನುಮಾನಕ್ಕೆ ಗುರಿಯಾದ ಮನೆಗಳು ಮತ್ತು ಒಬ್ಬ ಪೊಲೀಸ್, ಒಂದೇ ಕಡೆ, ಒಂದೇ ಹಕ್ಕಿನಲ್ಲಿ. ಸೇಡಿನ ಕಥೆಯಲ್ಲಿ ನಾಯಕ ಒಂಟಿ. ಅವನ ನೋವು ಅವನದ್ದು ಮಾತ್ರ, ಬೇರೆಯವರ ನೋವು ಹಿನ್ನೆಲೆ. ಇಲ್ಲಿ ಅವನು ತೊಂಬತ್ತು ಚಿಲ್ಲರೆ ಮಂದಿಯಲ್ಲಿ ಒಬ್ಬ.

2014ರ ಜನವರಿಯಲ್ಲಿ ಅವನ ಸಾಕ್ಷ್ಯ ನಡೆಯಿತು. ಆ ದಿನದ ಒಂದಿಷ್ಟು ತುಣುಕು ನೆನಪಿವೆ, ಗುಂಡಿನ ಕ್ಷಣ ಇಲ್ಲ. ತಲೆಯೊಳಗೆ ಇನ್ನೂ ಗುಂಡಿನ ಚೂರುಗಳಿವೆ. ಪೊಲೀಸ್ ಆಗುವುದು ಅವನ ಕನಸಾಗಿತ್ತು, ಬೀದಿಯಲ್ಲಿ ನಿಂತು ಮಾಡುವ ಕೆಲಸ ಇನ್ನು ಸಾಧ್ಯವಿಲ್ಲ. ಆದರೂ ಅವನು ಇಲಾಖೆಯನ್ನು ಬಿಡಲಿಲ್ಲ, ಕಚೇರಿಯೊಳಗಿನ ಕೆಲಸಕ್ಕೆ ಬಂದ. ಎದುರಿಗೆ ಚೇಪೆ. ಆಗ ಅವಳು ಬಾಯಿ ಬಿಟ್ಟಿರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಅವಳ ವಕೀಲರು ಓದಿದ ಹೇಳಿಕೆಯಲ್ಲಿ ಹೈಲ್‌ಬ್ರಾನ್‌ಗೆ ಅವಳು ಕೊಟ್ಟ ಕಾರಣ ಇಷ್ಟೇ: ಇಬ್ಬರಿಗೂ ಪೊಲೀಸರ ಪಿಸ್ತೂಲು ಬೇಕಿತ್ತು, ತಮ್ಮವು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಒಂದು ಪ್ರಾಣ, ಇನ್ನೊಬ್ಬನ ಅರ್ಧ ಜೀವನ, ಬರೀ ಎರಡು ಪಿಸ್ತೂಲಿಗೆ. ಪ್ರಾಸಿಕ್ಯೂಷನ್ ಅದನ್ನು ಒಪ್ಪಲಿಲ್ಲ. ಪೊಲೀಸರು ಸರ್ಕಾರದ ಗುರುತು ಅನ್ನುವ ಕಾರಣಕ್ಕೇ ಅವರನ್ನು ಗುರಿ ಮಾಡಿದರು, ಇವರಿಬ್ಬರೇ ಸಿಕ್ಕದ್ದು ಆಕಸ್ಮಿಕ ಅನ್ನುವುದು ಅದರ ನಿಲುವು.

438 ದಿನಗಳ ವಿಚಾರಣೆ ಆದ ಮೇಲೆ 2018ರ ಜುಲೈ 11ರಂದು ತೀರ್ಪು ಬಂತು. ಹತ್ತು ಕೊಲೆಗಳಲ್ಲಿ ಚೇಪೆ ಸಮಾನ ಅಪರಾಧಿ, ಜೀವಾವಧಿ ಶಿಕ್ಷೆ, ಅಪರಾಧ ವಿಶೇಷವಾಗಿ ಗಂಭೀರ ಅನ್ನುವ ಷರಾ ಸೇರಿ. ಅಂದರೆ 15 ವರ್ಷಕ್ಕೆ ಬಿಡುಗಡೆ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚಿದ ಹಾಗೆ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವಳ ಮೇಲ್ಮನವಿಯನ್ನು ತಳ್ಳಿಹಾಕಿತು.

ಇಷ್ಟಾದರೂ ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ, ಸಿಕ್ಕಿದೆ ಅಂತ ನಾನು ಬರೆದರೆ ತಪ್ಪಾಗುತ್ತದೆ. ಮಿಷೆಲ್ ಟ್ಯೂರಿಂಗಿಯಾ ರಾಜ್ಯದವಳು, ಆ ಮೂವರೂ ಅದೇ ರಾಜ್ಯದವರು, ಕೊಲೆ ನಡೆದದ್ದು ನೂರಾರು ಕಿಲೋಮೀಟರ್ ದೂರದಲ್ಲಿ. ಅವಳ ಪೊಲೀಸ್ ತುಕಡಿಯ ಮೇಲಧಿಕಾರಿಯೊಬ್ಬ ಹಿಂದೆ ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ಜನಾಂಗದ್ವೇಷಿ ಗುಂಪಿನ ಜರ್ಮನ್ ಶಾಖೆಯಲ್ಲಿದ್ದ ಅನ್ನುವುದೂ ಆಮೇಲೆ ಹೊರಬಂತು. ಬಾಡೆನ್-ವ್ಯುರ್ಟೆಂಬರ್ಗ್ ವಿಧಾನಸಭೆ ಇದಕ್ಕಾಗಿ ಒಂದರ ಮೇಲೆ ಒಂದು ಎರಡು ತನಿಖಾ ಸಮಿತಿಗಳನ್ನು ಕೂರಿಸಿತು. ಕೊಲೆ ಮಾಡಿದ್ದು ಅವರೇ ಅನ್ನುವ ತೀರ್ಮಾನ ಗಟ್ಟಿಯಾಯಿತು. ಆದರೆ ಅಷ್ಟು ದೂರ ಬಂದು ಆ ಪಟ್ಟಣವನ್ನೇ, ಆ ಕಾರನ್ನೇ ಯಾಕೆ ಆರಿಸಿದರು? ಇದನ್ನು ಹೇಳಬಲ್ಲವರಲ್ಲಿ ಇಬ್ಬರು ಸತ್ತಿದ್ದಾರೆ.

ಟೆರೇಸಿಯನ್‌ವೀಸೆಯಲ್ಲಿ ಈಗ ಮಿಷೆಲ್ ನೆನಪಿಗೆ ಒಂದು ಫಲಕ ಇದೆ. ಆ ಬಯಲಿನಲ್ಲಿ ಕಾರುಗಳು ಈಗಲೂ ನಿಲ್ಲುತ್ತವೆ.